ಐದನೇ ತಾರೀಖಿನ ಮೆಸೇಜು

ಗದಗ–ಬೆಟಗೇರಿಯ ನಮ್ಮ ಸಣ್ಣ ಕಾಕಾನ ಮನೆಯಲ್ಲಿ ತಿಂಗಳ ಐದನೇ ತಾರೀಖು ಬೆಳಿಗ್ಗೆ ಫೋನನ್ನು ದೇವರ ಜಗುಲಿಯ ಪಕ್ಕ ಬೋರಲು ಹಾಕಿ ಇಡುತ್ತಿದ್ದರು. ಓಣಿಯಲ್ಲಿ ಮಗ್ಗದ ಸಪ್ಪಳ ಶುರುವಾಗುವ ಹೊತ್ತಿಗೆ ಅದು ಎರಡು ಸಲ ಗುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ. ಎತ್ತಿ ನೋಡುವುದೇನಿದೆ? ಖಾತೆಯಲ್ಲಿ ರೊಕ್ಕವಿಲ್ಲ, ಕಂತು ವಾಪಸ್ಸಾಗಿದೆ, ದಂಡ ಬಿದ್ದಿದೆ.

ಒಂದು ಭಾನುವಾರ ನಾನು ಹೋದಾಗ ಕಾಕಾ ಪಾಸ್‌ಬುಕ್ಕು ತಂದು ಮುಂದಿಟ್ಟರು. ಕನ್ನಡಕ ನನ್ನದೇ ಇಸಿದುಕೊಂಡು ಬೆರಳಿಟ್ಟು ತೋರಿಸಿದರು. ಬೈಕಿನ ಕಂತು 2,340. ಅವತ್ತು ಖಾತೆಯಲ್ಲಿದ್ದದ್ದು ಸುಮಾರು 1,900. ಐದನೇ ತಾರೀಖು ಫೈನಾನ್ಸ್‌ನವರು ಕಂತು ಎಳೆಯಲು ನೋಡಿದ್ದಾರೆ, ಆಗಿಲ್ಲ. ಬ್ಯಾಂಕು 250 ರೂಪಾಯಿ ದಂಡ, ಅದರ ಮೇಲೆ ಜಿಎಸ್‌ಟಿ ಸೇರಿಸಿ 295 ಕಡಿದಿದೆ. ಎಂಟನೇ ತಾರೀಖು ಮತ್ತೆ ಎಳೆದಿದ್ದಾರೆ, ಮತ್ತೆ 295. ಹನ್ನೆರಡಕ್ಕೆ ಮೂರನೇ ಸಲ. ಒಟ್ಟು 885 ಹೋಯಿತು, ಕಂತು ಮಾತ್ರ ಹಾಗೆಯೇ ಉಳಿಯಿತು. ಫೈನಾನ್ಸ್ ಕಂಪನಿ ತನ್ನ ಕಡೆಯಿಂದ ಹಾಕಿದ ಬೌನ್ಸ್ ಚಾರ್ಜು ಬೇರೆ. ಅದು ಈ ಪುಸ್ತಕದಲ್ಲಿ ಕಾಣುವುದಿಲ್ಲ.

‘ಬಾವ್ಯಾಗ ನೀರಿಲ್ಲಂತ ಗೊತ್ತಿದ್ರೂ ಕೊಡ ಇಳಸ್ತಾರಲ್ಲೋ ತಮ್ಮಾ. ಇಳಿಸಿದ್ದು ಅವರು, ದಂಡ ನನಗ’ ಅಂದರು ಕಾಕಾ.

ಆ ಹೊತ್ತಿಗೆ ಅವರು ಸಾಲ ಪರಿಹಾರಕ್ಕೆ ಅರ್ಜಿ ಕೊಡುವುದೆಂದು ತೀರ್ಮಾನ ಮಾಡಿಯಾಗಿತ್ತು. ಮನೆಯವರ ಲೆಕ್ಕದಲ್ಲಿ ಅಲ್ಲಿಗೆ ಅರ್ಧ ಕಷ್ಟ ಕಳೆದಂತೆ. ಆದರೆ ಅರ್ಜಿ ಕೊಟ್ಟರೆ ಕಚೇರಿಗೆ ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದು ಐದನೇ ತಾರೀಖು ಬಂದ ಕೂಡಲೇ ಕೊಡ ಇಳಿಸುತ್ತದೆ. ಸಾಲದ ಕಾಯ್ದೆಗಳ ಬಗ್ಗೆ ಭಾಷಣ ಮಾಡುವವರು ಈ ಪಾಸ್‌ಬುಕ್ಕಿನ ಮಾತು ತೆಗೆಯುವುದು ಕಡಿಮೆ. ನನಗಂತೂ ಅವತ್ತಿನಿಂದ ಇದೇ ಮೊದಲಿನ ಕೆಲಸ ಅನ್ನಿಸಿದೆ: ಸಾಲ ಎಷ್ಟಿದೆ ಎಂದು ಕೂಡಿಸುವ ಮೊದಲು, ನಮ್ಮ ಖಾತೆಗೆ ಯಾರ್‍ಯಾರ ಕೈ ಹೋಗುತ್ತದೆ ಎಂದು ಎಣಿಸುವುದು.

ಎಣಿಸಿದೆವು. ನೂಲಿಗೂ ಮಗ್ಗಕ್ಕೂ ಎಂದು ತೆಗೆದ ಬ್ಯಾಂಕ್ ಸಾಲ ಒಂದು. ಮಗನ ಬೈಕಿನದು ಒಂದು. ಕಾಕಾನ ಹೆಂಡತಿ, ನಮ್ಮ ಚಿಗವ್ವನ ಹೆಸರಿನಲ್ಲಿ ಎರಡು ‘ಸಂಘದ ಸಾಲ’, ಒಂದಕ್ಕೆ ವಾರದ ಕಂತು, ಇನ್ನೊಂದಕ್ಕೆ ತಿಂಗಳ ಕಂತು. ಇವುಗಳ ಮೇಲೆ ಒಬ್ಬರ ಹತ್ತಿರ ಕೈಗಡ, ಅದಕ್ಕೆ ಮೊತ್ತ ಬರೆಯದೆ ಸಹಿ ಮಾತ್ರ ಮಾಡಿಕೊಟ್ಟ ಚೆಕ್ಕು. ಇಷ್ಟು ಸಾಲದವು. ಮಗನ ಫೋನಿನ ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ತೆರೆದು ನೋಡಿದರೆ ಸಿನಿಮಾ ನೋಡುವ ಎರಡು ಚಂದಾ, ಯಾವಾಗಲೋ ಆಡಿಬಿಟ್ಟ ಒಂದು ಆಟ. ಒಂದು ರೂಪಾಯಿಗೆ ಮೊದಲ ತಿಂಗಳು ಅಂತ ಒತ್ತಿದ್ದನಂತೆ. ಚಿಗವ್ವ ಅವನ ಕಡೆ ನೋಡಿದ ನೋಟ ಬೇರೆ ಲೇಖನಕ್ಕೆ ಇರಲಿ.

ಇನ್ನು ಅರ್ಜಿ. ಯಾವ ಅರ್ಜಿ, ಯಾರಿಗೆ?

ನಮ್ಮ ಕಡೆ ದಿವಾಳಿ ತೆಗೆದವನನ್ನು ‘ಪಾಪರ್ ಆದ’ ಅನ್ನುತ್ತಾರೆ. ಅದು ಬೈಗುಳದ ಹಾಗೆ ಕೇಳಿಸಿದರೂ ಹಿಂದೆ ಇರುವುದು ಒಂದು ಕಾಯ್ದೆ, 1920ರ ಪ್ರಾಂತೀಯ ದಿವಾಳಿತನ ಕಾಯ್ದೆ. ಮುಂಬಯಿ, ಮದ್ರಾಸ್, ಕಲ್ಕತ್ತಾ ನಗರಗಳಿಗೆ 1909ರ ಬೇರೆ ಕಾಯ್ದೆ. ಗದಗಿನಂಥ ಊರುಗಳಿಗೆ ಇದು. 2016ರಲ್ಲಿ ಬಂದ ಹೊಸ ದಿವಾಳಿ ಸಂಹಿತೆ ಇವೆರಡನ್ನೂ ತೆಗೆದುಹಾಕುವುದಾಗಿ ಹೇಳಿ ಬಡ ಸಾಲಗಾರನಿಗೆ ‘ಹೊಸ ಆರಂಭ’ದ ದಾರಿ ತೋರಿಸಿತ್ತು. ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅರ್ಜಿ ಅಂಗೀಕಾರವಾದರೆ 180 ದಿನ ಸಾಲ ಕೊಟ್ಟವರು ಬೆನ್ನು ಹತ್ತುವಂತಿಲ್ಲ. ಕೇಳಲು ಚೆನ್ನ. ಆದರೆ ವ್ಯಕ್ತಿಗಳ ದಿವಾಳಿಯ ಭಾಗ, ‘ಹೊಸ ಆರಂಭ’ವನ್ನು ಬಿಟ್ಟು, 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂತು. ನೇಕಾರರಿಗೆ, ರೈತರಿಗೆ, ಸಂಘದ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟದ್ದು ಪುಸ್ತಕದಲ್ಲೇ ಉಳಿಯಿತು. ಜಾರಿಗೆ ಬಂದಿದ್ದರೂ 35,000ದ ಮಿತಿಯೊಳಗೆ ಇವತ್ತು ಯಾರು ಬರುತ್ತಾರೆ? ಚಿಗವ್ವನ ಎರಡು ಸಂಘದ ಸಾಲವೇ ಅದನ್ನು ದಾಟಿದ್ದವು.

ಹಾಗಾಗಿ ನೂರು ವರ್ಷದ ಹಳೆಯ ಕಾಯ್ದೆಯೇ ಈಗಲೂ ಕೈಗೆ ಸಿಗುವುದು. 500 ರೂಪಾಯಿಗೆ ಕಡಿಮೆಯಿಲ್ಲದ ಸಾಲವಿದ್ದು ತೀರಿಸಲಾಗದವನು ಅರ್ಜಿ ಹಾಕಬಹುದು ಎನ್ನುತ್ತದೆ ಅದು. 1920ರಲ್ಲಿ ಬರೆದ ಆ ಮೊತ್ತವನ್ನು ಯಾರೂ ತಿದ್ದಲು ಹೋಗಿಲ್ಲ. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದರೆ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ, ಸಾಲ ಕೊಟ್ಟವರು ಒಬ್ಬೊಬ್ಬರೇ ಬೆನ್ನು ಹತ್ತುವಂತಿಲ್ಲ, ಕೊನೆಗೆ ಬಿಡುಗಡೆಯ ಆದೇಶ. ಆದರೆ ವಕೀಲನಾಗಿರುವ ನನ್ನ ಗೆಳೆಯ ಕಾಕಾನಿಗೆ ಆ ದಾರಿ ಹೇಳಲಿಲ್ಲ. ‘ಕಾಕಾ, ಇದು ಕೊನೀ ಬಾಗಲಾ. ಮೊದಲ ಬ್ಯಾರೆ ಬಾಗಲಾ ಬಡಿಯೂಣು’ ಅಂದ.

ಬೇರೆ ಬಾಗಿಲುಗಳೂ ಈ ನೆಲಕ್ಕೆ ಹೊಸವಲ್ಲ. 1875ರಲ್ಲಿ ಪುಣೆ, ಅಹ್ಮದ್‌ನಗರದ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಆ ಗದ್ದಲದ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ನಾಲ್ಕು ಮರಾಠಿ ಜಿಲ್ಲೆಗಳಿಗಿದ್ದ ಅದನ್ನು ಆಮೇಲೆ ಮುಂಬಯಿ ಪ್ರಾಂತ್ಯದ ಉಳಿದ ಕಡೆಗೂ ಚಾಚಿದರು. ಗದಗ ಆಗ ಆ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಬಡ್ಡಿ ಕಡಿಮೆ ಮಾಡುವ ಕಲಮುಗಳಿಗಿಂತ ಆ ಕಾಯ್ದೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ರೈತನಿಂದ ಹಣ ಪಡೆದ ಸಾವಕಾರ ರಸೀದಿ ಕೊಡಬೇಕು, ಕೇಳಿದರೆ ವರ್ಷದ ಲೆಕ್ಕ ಬರೆದುಕೊಡಬೇಕು, ಒಂದು ಪಾಸ್‌ಬುಕ್ಕು ಇಟ್ಟು ಅದರಲ್ಲಿ ಜಮಾ–ಬಾಕಿ ತುಂಬಿಕೊಡಬೇಕು. ಸಾಲಗಾರನ ಕೈಯಲ್ಲಿ ಅವನದೇ ಲೆಕ್ಕದ ಪುಸ್ತಕ ಇರಬೇಕೆಂಬುದನ್ನು ಸರ್ಕಾರ ಪರಿಹಾರದ ಒಂದು ಭಾಗವೆಂದೇ ಎಣಿಸಿತ್ತು. ಕಾಕಾ ಬೆರಳಿಟ್ಟು ತೋರಿಸಿದ ಪುಸ್ತಕಕ್ಕೆ ಅಷ್ಟು ಹಿಂದಿನ ನೆಂಟಸ್ತಿಕೆ ಇದೆ.

1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವೂ ಇದೇ ಬೇನೆಗೆ ಹುಡುಕಿದ ಮದ್ದು. ಅದರ ಕೀರ್ತಿ ಶಾಲೆಯ ಮಕ್ಕಳಿಗೂ ಗೊತ್ತು, ಮತ್ತೆ ಹೇಳುವುದಿಲ್ಲ. 1939ರಲ್ಲಿ, ಮತ್ತೆ 1947ರಲ್ಲಿ ಮುಂಬಯಿ ಸರ್ಕಾರ ಕೃಷಿಕ ಸಾಲಗಾರರ ಪರಿಹಾರ ಕಾಯ್ದೆ ಮಾಡಿತು. ಇಂದಿರಾ ಕಾಲದಲ್ಲಿ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಬಂತು, ಅಡವಿಟ್ಟ ಒಡವೆ ವಾಪಸ್ ಕೊಡಿಸಿತು. ಹತ್ತಿರದ್ದು 2019ರ ಜುಲೈನದು. ಕುಮಾರಸ್ವಾಮಿ ಸರ್ಕಾರ ಹೋಗುವ ಹೊತ್ತಿಗೆ ಋಣ ಪರಿಹಾರ ಕಾಯ್ದೆ ಜಾರಿಯಾಗಿ, 90 ದಿನದೊಳಗೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕೆಂದಾಗ ರಾಜ್ಯದ ಕಚೇರಿಗಳ ಮುಂದೆ ಜನ ನಸುಕಿನಿಂದ ಸಾಲು ನಿಂತರು. ಚಿಗವ್ವನೂ ನಿಂತಿದ್ದರು. ಅದು ಖಾಸಗಿ ಲೇವಾದೇವಿ, ಗಿರವಿ ಸಾಲಕ್ಕೆ ಮಾತ್ರ, ಬ್ಯಾಂಕಿನ ಸಾಲಕ್ಕಲ್ಲ ಎಂದು ಗೊತ್ತಾದದ್ದು ಫಾರ್ಮು ತುಂಬಿದ ಮೇಲೆ.

ಆಮೇಲೆ 2025. ಜನವರಿ ತುಂಬ ಫೈನಾನ್ಸ್‌ನವರ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ. ಫೆಬ್ರವರಿ 12ರಂದು ಕಿರು ಸಾಲ ಮತ್ತು ಸಣ್ಣ ಸಾಲದ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಟಿತು. ಆಗ ಕಾನೂನು ಮಂತ್ರಿ ನಮ್ಮ ಗದಗಿನ ಶಾಸಕರೇ, ಎಚ್.ಕೆ. ಪಾಟೀಲರು. ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, ಎರಡನೇ ಸಲ ಸಹಿ ಹಾಕಿದರು. ಬಲವಂತಕ್ಕೆ 10 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡ. ನೋಂದಣಿ, ಪರವಾನಗಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿಸಮೇತ ತೀರಿದಂತೆ. ಅದೇ ತಿಂಗಳು ಬೆಟಗೇರಿಯಲ್ಲಿ ಬಡ್ಡಿ ವ್ಯವಹಾರದವರ ಮೇಲೆ ಪೊಲೀಸರು ದಾಳಿ ಮಾಡಿ ಕೋಟಿಗಟ್ಟಲೆ ನಗದು, ಚಿನ್ನ, ಬಾಂಡು, ಚೆಕ್ಕು ವಶಪಡಿಸಿಕೊಂಡಾಗ ಓಣಿಯಲ್ಲಿ ಎಲ್ಲರೂ ಪೇಪರು ಹಂಚಿಕೊಂಡು ಓದಿದರು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಫೈನಾನ್ಸ್, ಬ್ಯಾಂಕುಗಳ ಸಾಲ ಮನ್ನಾ ಆಗಲಿಲ್ಲ. ಅಂದರೆ ಕಾಕಾನ ಐದು ಸಾಲಗಳಲ್ಲಿ ಈ ಕಾಯ್ದೆ ಮುಟ್ಟಿದ್ದು ಒಂದನ್ನು, ಕೈಗಡವನ್ನು. ಖಾತೆಯಿಂದ ತಾನಾಗಿ ಕಡಿಯುವ ಸಾಲಗಳು ಹಾಗೇ ಉಳಿದವು.

ಗೆಳೆಯ ಬಿಳಿ ಹಾಳೆ ತೆಗೆದು ಮೊದಲು ಕೇಳಿದ ಪ್ರಶ್ನೆ: ‘ಸಾಲ ಯಾವ ಬ್ಯಾಂಕ್‌ನ್ಯಾಗ, ರೊಕ್ಕ ಬರೋದು ಯಾವ ಬ್ಯಾಂಕ್‌ನ್ಯಾಗ?’ ಎರಡೂ ಒಂದೇ. ಅಲ್ಲೇ ಇತ್ತು ಗಂಟು. ಸಾಲ ಬಾಕಿಯಿದ್ದರೆ ಅದೇ ಬ್ಯಾಂಕಿನ ಉಳಿತಾಯ ಖಾತೆಯ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗಿದೆ. ಕರಾರು ಕಾಯ್ದೆಯೂ ಅದಕ್ಕೆ ಬೆಂಬಲ, ಸಾಲಪತ್ರದ ಸಣ್ಣಕ್ಷರವೂ ಬೆಂಬಲ. ನಮ್ಮವರು ಇದನ್ನೇ ‘ಹೋಲ್ಡ್ ಹಾಕ್ಯಾರ’ ಅನ್ನುವುದು. 2024ರಲ್ಲಿ ಬರ ಪರಿಹಾರದ ಹಣ ಸಾಲದ ಖಾತೆಗೆ ಹೋಗುತ್ತಿದೆ ಎಂದು ರೈತರು ಕೂಗಿದಾಗ, ಹಾಗೆ ಮಾಡಬಾರದೆಂದು ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಯಿತು.

‘ಬ್ಯಾರೆ ಬ್ಯಾಂಕ್‌ನ್ಯಾಗ ಇಟ್ಟಿದ್ದೆ ಮೊದಲ, ಆಮ್ಯಾಲೆ ಒಂದಾದ್ವು’ ಎಂದರು ಕಾಕಾ. ಅದೂ ನಿಜ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಕೂಡಿದವು. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು ಬಳ್ಳಾರಿಯದರ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಸಾಲ ಒಂದರಲ್ಲಿ, ಉಳಿತಾಯ ಇನ್ನೊಂದರಲ್ಲಿ ಇಟ್ಟು ನೆಮ್ಮದಿಯಾಗಿದ್ದವರಿಗೆ ಒಂದು ದಿನ ಎರಡೂ ಒಂದೇ ಸೂರಿನ ಕೆಳಗೆ ಬಂದಿದ್ದವು. ಇಂಥ ಕೂಡಿಕೆಗಳ ಬಗ್ಗೆ ಪತ್ರಿಕೆಗಳು ಐಎಫ್‌ಎಸ್‌ಸಿ ಬದಲಾವಣೆ ಬರೆದಷ್ಟು ಈ ಮಾತು ಬರೆಯಲಿಲ್ಲ. ನಾನೂ ಪತ್ರಿಕೆಯವನೇ, ನನ್ನ ಪಾಲಿನ ತಪ್ಪೂ ಅದರಲ್ಲಿದೆ.

ಹಾಗೆಂದು ಬೇರೆ ಬ್ಯಾಂಕಿನಲ್ಲಿ ಸೊನ್ನೆ ಬ್ಯಾಲೆನ್ಸಿನ ಜನಧನ ಖಾತೆ ತೆರೆದರೆ ಮುಗಿಯಲಿಲ್ಲ. ಗೃಹಲಕ್ಷ್ಮಿಯ 2,000, ಪಿಎಂ ಕಿಸಾನ್ ಕಂತು, ಪಿಂಚಣಿ ಇವೆಲ್ಲ ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ ಎಂದು ನೋಡಿ. ಚಿಗವ್ವ ಹೊಸ ಖಾತೆ ತೆರೆದು ಎರಡು ತಿಂಗಳು ಕಾದರು. ಗೃಹಲಕ್ಷ್ಮಿ ಹಳೆಯ ಖಾತೆಗೇ ಬಿದ್ದು, ಅಲ್ಲಿ ಕಾಯುತ್ತಿದ್ದ ಸಂಘದ ಕಂತಿಗೆ ಹೋಗಿತ್ತು. ಹೊಸ ಬ್ಯಾಂಕಿನಲ್ಲಿ ಬೇರೆ ಫಾರ್ಮು ಕೊಟ್ಟು ಆಧಾರ್ ಜೋಡಣೆ ಬದಲಿಸಿದ ಮೇಲೆಯೇ ಹಣ ಈ ಕಡೆ ತಿರುಗಿದ್ದು. ‘ಹಾದಿ ತಿರುವ್ಸೋದು ಬ್ಯಾರೆ, ಮನಿ ಕಟ್ಟೋದು ಬ್ಯಾರೆ’ ಅಂತ ಅವರೇ ನಕ್ಕರು.

ಹಳೆಯ ಖಾತೆಯ ನಾಚ್ ಮ್ಯಾಂಡೇಟು, ಅಂದರೆ ಕಂತು ತಾನಾಗಿ ಎಳೆದುಕೊಳ್ಳಲು ಕೊಟ್ಟ ಒಪ್ಪಿಗೆ, ನಿಲ್ಲಿಸಲು ಕಾಕಾ ಶಾಖೆಗೆ ಹೋದಾಗ ಕೌಂಟರಿನಲ್ಲಿದ್ದ ಹುಡುಗ, ಫೈನಾನ್ಸ್‌ನವರಿಂದ ಪತ್ರ ತನ್ನಿ ಎಂದು ಸಾಗಹಾಕಲು ನೋಡಿದ. ಖಾತೆದಾರ ತನ್ನ ಬ್ಯಾಂಕಿಗೇ ಬರೆದುಕೊಟ್ಟು ಮ್ಯಾಂಡೇಟು ರದ್ದು ಮಾಡಿಸಬಹುದು. ಸ್ವೀಕೃತಿಯ ಸಹಿ, ಸೀಲು ಇರುವ ಪ್ರತಿ ಮಾತ್ರ ತಪ್ಪದೆ ಇಸಿದುಕೊಳ್ಳಬೇಕು. ಆದರೆ ಗೆಳೆಯ ಅವತ್ತೇ ಇನ್ನೊಂದು ಕಾಗದವನ್ನೂ ಬರೆಸಿದ. ಅದು ಫೈನಾನ್ಸ್ ಕಂಪನಿಗೆ: ಇಂಥ ಕಾರಣಕ್ಕೆ ಕಂತು ಕಟ್ಟಲಾಗುತ್ತಿಲ್ಲ, ಇಷ್ಟು ಕಟ್ಟಬಲ್ಲೆ, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ. ರಿಜಿಸ್ಟರ್ ಪೋಸ್ಟು. ಯಾಕೆಂದರೆ ಮ್ಯಾಂಡೇಟು ನಿಂತರೆ ಕಡಿತ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಹಣವಿಲ್ಲದೆ ನಾಚ್ ವಾಪಸ್ಸಾಗುವುದನ್ನು ನಾವು ಬರೀ ದಂಡದ ವಿಷಯ ಅಂದುಕೊಂಡಿದ್ದೇವೆ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅದನ್ನು ಚೆಕ್ ಬೌನ್ಸಿನಂತೆಯೇ ಅಪರಾಧ ಮಾಡಿದೆ: ನೋಟಿಸು ಕೈಸೇರಿದ 15 ದಿನದೊಳಗೆ ಕಟ್ಟದಿದ್ದರೆ 2 ವರ್ಷದವರೆಗೆ ಸಜೆ ಅಥವಾ ಮೊತ್ತದ ಎರಡು ಪಟ್ಟಿನವರೆಗೆ ದಂಡ. ಸುಮ್ಮನೆ ಬೌನ್ಸಾಗಲು ಬಿಡುವುದಕ್ಕಿಂತ ಬರೆದು ನಿಲ್ಲಿಸುವುದು ಮೇಲು ಅನ್ನುವುದು ಅದಕ್ಕೇ.

ಕೈಗಡಕ್ಕೆ ಕೊಟ್ಟ ಖಾಲಿ ಚೆಕ್ಕಿನದು ಬೇರೆ ಕಥೆ. ಬ್ಯಾಂಕಿಗೆ ‘ಸ್ಟಾಪ್ ಪೇಮೆಂಟ್’ ಬರೆದುಕೊಟ್ಟರೆ ಬಚಾವಾದೆವು ಎಂದು ಕಾಕಾನ ನಂಬಿಕೆ. ಸ್ಟಾಪ್ ಹೇಳಿದ ಚೆಕ್ಕಿಗೂ ಚೆಕ್ ಬೌನ್ಸಿನ 138ನೇ ಕಲಂ ಕೇಸು ನಡೆಯುತ್ತದೆಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿದೆ. ಅದಕ್ಕೆ ಠಾಣೆಯಲ್ಲಿ ಚೆಕ್ಕಿನ ಸಂಖ್ಯೆ ಬರೆದು ದೂರು ಕೊಟ್ಟು ಹಿಂಬರಹ ಪಡೆದದ್ದಾಯಿತು.

ಎಲ್ಲ ಕಡಿತ ನಿಲ್ಲಿಸುವ ಹುರುಪಿನಲ್ಲಿ ಮಗ ಎಲ್‌ಐಸಿ ಪ್ರೀಮಿಯಮ್ಮನ್ನೂ ತೆಗೆದುಹಾಕಲು ಹೊರಟಿದ್ದ. ಗೆಳೆಯ ತಡೆದ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿಸಿದ. ಡಿಕ್ರಿಯಾದರೂ ಜಪ್ತಿ ಮಾಡಬಾರದವು ಅಲ್ಲಿವೆ: ಜೀವವಿಮೆಯಿಂದ ಬರುವ ಹಣ, ಕೂಲಿಯವರ ಕೂಲಿ, ರೈತನ ನೇಗಿಲು, ಎತ್ತು, ಬಿತ್ತುವ ಬೀಜ, ಕುಶಲಕರ್ಮಿಯ ಉಪಕರಣ. ‘ಮಗ್ಗ?’ ಎಂದರು ಕಾಕಾ. ‘ನಿಮ್ಮ ಕೈಮಗ್ಗ ಉಪಕರಣನ ಅಲ್ಲೇನ್ರಿ ಮತ್ತ?’ ಕಾಕಾ ಒಳಗೆ ಹೋಗಿ ನೀರು ಕುಡಿದು ಬಂದರು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ ಎಂದು 56ನೇ ಕಲಂ ಹೇಳುತ್ತದೆ ಎಂದಾಗ ಚಿಗವ್ವ ಅದನ್ನು ಎರಡು ಸಲ ಓದಿಸಿದರು. ವಾರದ ಸಭೆಯಲ್ಲಿ ‘ಒಳಗ ಹಾಕಸ್ತೀವಿ’ ಅಂದವನ ಮುಖ ಅವರಿಗೆ ನೆನಪಿತ್ತು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕಿರು ಸಾಲದವರು ಫೋನು ಮಾಡಬಾರದೆಂಬ 2022ರ ರಿಸರ್ವ್ ಬ್ಯಾಂಕ್ ನಿಯಮವನ್ನು ಅವರು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು.

ಒಂದು ತಪ್ಪು ಮಾತ್ರ ಆಗಿಬಿಟ್ಟಿತ್ತು. ನಾವು ಸಲಹೆ ಕೇಳುವ ಮೊದಲೇ ಕಾಕಾ ಲಕ್ಷ್ಮೇಶ್ವರದ ಬೀಗರ ಹತ್ತಿರ ತಂದಿದ್ದ 40,000 ತೀರಿಸಿದ್ದರು, ನೂಲು ಮಾರಿ ಬಂದ ಹಣದಿಂದ. ಬೀಗರ ಮುಂದೆ ಮಾನ ಉಳಿಯಿತು. ಆದರೆ ದಿವಾಳಿ ಅರ್ಜಿಗೆ ಹೋಗುವುದಾದರೆ, ಅದಕ್ಕೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬನಿಗೆ ಮಾತ್ರ ಒಲವು ತೋರಿಸಿ ಕೊಟ್ಟದ್ದನ್ನು ನ್ಯಾಯಾಲಯ ರದ್ದು ಮಾಡಬಹುದು. ಹೊಲ, ಮನೆ ಹೆಂಡತಿ–ಮಕ್ಕಳ ಹೆಸರಿಗೆ ಬರೆದಿದ್ದರೆ ಎರಡು ವರ್ಷ ಹಿಂದಿನವರೆಗೂ ಕೆದಕುತ್ತಾರೆ. ಮಾನಕ್ಕೂ ಕಾಯ್ದೆಗೂ ಇಲ್ಲಿ ಹೊಂದುವುದಿಲ್ಲ. ನಮ್ಮ ಕಡೆ ಮೊದಲು ತೀರಿಸುವುದು ಬೀಗರದ್ದು, ಕಾಯ್ದೆ ಹೇಳುವುದು ಎಲ್ಲರದೂ ಸಮ. ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದ ಶಿರಹಟ್ಟಿಯ ಗೆಳೆಯನ ವಿಷಯ ಇನ್ನೂ ಕಷ್ಟದ್ದು. ಸಾಲಗಾರ ದಿವಾಳಿಯಿಂದ ಬಿಡುಗಡೆಯಾದರೂ ಜಾಮೀನುದಾರ ಬಿಡುಗಡೆಯಾಗುವುದಿಲ್ಲ. ಕಾಕಾ ಕೊನೆಯ ಬಾಗಿಲು ಬೇಡವೇ ಬೇಡ ಎಂದದ್ದು ಇದೊಂದು ಮಾತಿಗೆ.

ಬಡಿದ ಬಾಗಿಲು ಲೋಕ ಅದಾಲತ್ತಿನದು. ವರ್ಷಕ್ಕೆ ನಾಲ್ಕು ಸಲ ನಡೆಯುವ ರಾಷ್ಟ್ರೀಯ ಅದಾಲತ್ತಿಗೆ ಕೇಸು ದಾಖಲಾಗುವ ಮೊದಲೇ ಸಾಲದ ತಕರಾರು ಒಯ್ಯಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಚಿಗವ್ವನ ಅರ್ಜಿ ಹಾಗೆ ಹೋಯಿತು. ಗದಗಿನ ನ್ಯಾಯಾಲಯದ ಆವರಣದಲ್ಲಿ ಅವತ್ತು ಜಾತ್ರೆಯ ಹಾಗೆ ಜನ. ಮುಂಡರಗಿಯಿಂದ ಬೆಳಗಿನ ಬಸ್ಸಿಗೆ ಬಂದವರು ಬುತ್ತಿ ಬಿಚ್ಚಿ ಬೇವಿನ ಮರದ ಕೆಳಗೆ ಕೂತಿದ್ದರು. ಬ್ಯಾಂಕಿನ ಅಧಿಕಾರಿ ಕಾಕಾನ ಪಾಸ್‌ಬುಕ್ಕು ತಿರುವಿ ಹಾಕಿ, ದಂಡದ ಸಾಲುಗಳ ಮೇಲೆ ಪೆನ್ನು ಓಡಿಸಿ, ಚಾರ್ಜುಗಳನ್ನೂ ಬಡ್ಡಿಯ ಒಂದು ಪಾಲನ್ನೂ ಬಿಡಲು ಒಪ್ಪಿದರು. ಉಳಿದದ್ದು ಹತ್ತು ಕಂತು. ಅಲ್ಲಿ ಆದ ಒಪ್ಪಂದ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಗೆಳೆಯ ಕೂಡಿಸಿ ಬರೆಸಿದ್ದು ಎರಡು ಸಾಲು: ಕಂತು ಹೊಸ ಖಾತೆಯಿಂದ ಕಾಕಾನೇ ಕಟ್ಟುತ್ತಾರೆ, ಹಳೆಯ ಮ್ಯಾಂಡೇಟು ಬ್ಯಾಂಕು ಬಳಸುವಂತಿಲ್ಲ. ಕೊನೆಯ ಕಂತು ಮುಗಿದ 30 ದಿನದೊಳಗೆ ಆಸ್ತಿಯ ಕಾಗದ ಮರಳಿಸದಿದ್ದರೆ ದಿನಕ್ಕೆ 5,000 ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಹೇಳಿರುವುದನ್ನೂ ನೆನಪಿಸಿದ. ಸಿಬಿಲ್‌ನಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಎಂದು ಅಧಿಕಾರಿ ಎಚ್ಚರಿಸಿದಾಗ ಕಾಕಾ ಕೈ ಮುಗಿದರು: ‘ಸಿಗದಿದ್ರ ಚೊಲೋನ ಆತ್ರಿ ಸಾಹೇಬ್ರ.’

ಸಂಘದ ಸಾಲಗಳಲ್ಲಿ ಒಂದು ತೀರಿದೆ, ಒಂದು ನಡೆದಿದೆ. ಬೈಕು ಹೋಯಿತು. ಖಾಲಿ ಚೆಕ್ಕು ಇನ್ನೂ ವಾಪಸ್ ಬಂದಿಲ್ಲ.

ಮೊನ್ನೆ ಮೇ ಕೊನೆಯ ವಾರ ರಾತ್ರಿ ಕಾಕಾನ ಫೋನು ಬಂತು. ದನಿ ನಡುಗುತ್ತಿತ್ತು. ‘ತಮ್ಮಾ, ಹೊಸ ಖಾತೆದಾಗೂ ಕಡ್ದಾರಲ್ಲೋ. ಇಪ್ಪತ್ತು ರೂಪಾಯಿ. ಯಾರಿದು?’ ಮೆಸೇಜು ಕಳಿಸಲು ಹೇಳಿ ನೋಡಿದೆ. ಪ್ರಧಾನಮಂತ್ರಿ ಸುರಕ್ಷಾ ವಿಮೆ, ವರ್ಷಕ್ಕೊಮ್ಮೆ 20 ರೂಪಾಯಿ, ಜೂನ್ 1ರಿಂದ ಮುಂದಿನ ಮೇ 31ರವರೆಗೆ. ಖಾತೆ ತೆರೆದ ದಿನ ಫಾರ್ಮಿನ ಜೊತೆ ಸಹಿ ಮಾಡಿದ್ದರು. ಅಪಘಾತದಲ್ಲಿ ಏನಾದರೂ ಆದರೆ ಚಿಗವ್ವನಿಗೆ 2 ಲಕ್ಷ ಬರುತ್ತದೆ ಎಂದು ವಿವರಿಸಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಹಂಗಾದ್ರ ಇದೊಂದು ಕಡೀಲಿ ಬಿಡು’ ಅಂದು ಫೋನಿಟ್ಟರು.